ದಾದಾನ ಕಾರಿನ ರೇಡಿಯೋದಲ್ಲಿ ಅವ್ವನ ಹಾಡು

ಅಹಮದಾಬಾದಿನ ಬೋಡಕ್‌ದೇವ್‌ನಿಂದ ಹೊರಟಾಗ ಬಿಸಿಲು ನೆತ್ತಿಗೇರಿತ್ತು. ಅಕ್ಕನ ಮಗಳು ಮೇಘಾಳನ್ನು ಸೂರತ್ತಿನ ಗಂಡನ ಮನೆಗೆ ಮುಟ್ಟಿಸಿ ಬರುವ ಪಾಳಿ ನನ್ನದು. ಕಾರು ಅವಳ ಗಂಡ ಹಾರ್ದಿಕನ ಅಜ್ಜನದು, ನನಗಿಂತ ಹಿರಿಯದು. ದಾದಾ ಎಂದೇ ಎಲ್ಲರೂ ಕರೆಯುವ ಆ ಅಜ್ಜ ಸ್ಟೀರಿಂಗ್ ಯಾರಿಗೂ ಕೊಡುವವರಲ್ಲ. ಅವರ ಪದ್ಧತಿಯಂತೆ ಚಕ್ರದಡಿ ತೆಂಗಿನಕಾಯಿ ಇಟ್ಟು ಒಡೆಸಿದರು. ಅಕ್ಕ ಅತ್ತಳು, ನಾವು ಹೊರಟೆವು.

ರೇಡಿಯೋ ಕೂಡ ಕಾರಿನ ಜೊತೆಗೇ ಹುಟ್ಟಿದ್ದು. ಅದರ ಒಂದು ತಂತಿಯನ್ನೂ ಕತ್ತರಿಸಕೂಡದೆಂದು ದಾದಾನ ತಾಕೀತು. ಅದಕ್ಕೇ ಹಾರ್ದಿಕ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ನನ್ನ ಫೋನಿಗೆ ಸಿಕ್ಕಿಸಿದ್ದ. ಫೋನಿನ ದನಿಯನ್ನು ಅದು ಪ್ರಸಾರ ಮಾಡುತ್ತದೆ, ಮುದಿ ರೇಡಿಯೋ ಹಿಡಿಯುತ್ತದೆ. ಎಕ್ಸ್‌ಪ್ರೆಸ್ ವೇ ಉದ್ದಕ್ಕೂ ಗರ್ಬಾ ಹಾಡು. ನನಗೊಂದೂ ರುಚಿಸಲಿಲ್ಲ.

ಅವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು. ಮದುವೆಗೆ ಹೊರಡುವ ಮುನ್ನಾದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಎದೆಯೂ ಗಟ್ಟಿಯಿಲ್ಲ, ಆಪರೇಷನ್ ಆದಮೇಲೆ ಎಚ್ಚರಾಗುವ ಭರವಸೆ ಕೊಡಲಾರೆವೆಂದು ಡಾಕ್ಟರರು ಹೇಳಿದರಂತೆ. ಅವ್ವನದೊಂದೇ ಹಟ: "ಮೊಮ್ಮಗಳು ಅಕ್ಕಿ ಒದ್ದು ಒಳಗ ಬರೋ ಮುಂದ ನಾನ ಹಾಡಾಕಿ. ಆಮ್ಯಾಲೆ ಕೊಯ್ರಿ." ಆಪರೇಷನ್ ರಾತ್ರಿಗೆ, ಸಂಜೆಯೊಳಗೆ ಸೂರತ್ ಸೇರಬೇಕು, ಅವ್ವ ಫೋನಿನಲ್ಲಿ ಹಾಡಬೇಕು, ರೇಡಿಯೋ ಅದನ್ನು ಹೊಸ್ತಿಲವರೆಗೆ ಕೇಳಿಸಬೇಕು. ಲೆಕ್ಕಾಚಾರ ಹಾಗಿತ್ತು.

ವಡೋದರಾದಲ್ಲಿ ಖಾರದ ಸೇವ್ ಉಸಳ್ ತಿಂದು ಕರ್ಜಣ್ ದಾಟುವಾಗ ಫೋನ್ ಚಾರ್ಜ್ ಇಳಿದಿತ್ತು. ಹಾರ್ದಿಕ ಹೊಸ ಕಾರುಗಳ ಚಾರ್ಜರನ್ನು ಈ ಕಾರಿಗೆ ಜೋಡಿಸಿದ. ಹಳೆಯ ಕಾರಿನಲ್ಲಿ ಬ್ಯಾಟರಿಯ ಸಂಪರ್ಕ ಉಲ್ಟಾ, ಮೈನಸ್ಸಿನ ಬದಲು ಪ್ಲಸ್ ತಂತಿಯೇ ಕಾರಿನ ಮೈತಗಡಿಗೆ. ಚಟ್ಟೆಂದು ಕಿಡಿ ಹಾರಿ ರೇಡಿಯೋ ಬಾಯಿ ಮುಚ್ಚಿತು.

"ಅರೇ, ಆ ಶುಂ ಕರ್ಯುಂ!" ಇದೇನು ಮಾಡಿದೆಯೆಂದು ಹಾರ್ದಿಕನನ್ನು ಗದರಿ ದಾದಾ ಗಾಡಿ ಬದಿಗೆ ಹಾಕಿದರು. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಅವ್ವನ ಹತ್ತಿರವಿದ್ದ ಅಣ್ಣನ ಫೋನ್: "ಆಪರೇಷನ್ ಈಗ ಮಾಡ್ತಾರಂತ. ಸ್ಟ್ರೆಚರ್ ಬಂದದ. ಹಾಡದ ಸ್ಟ್ರೆಚರ್ ಏರಂಗಿಲ್ಲಂತಾಳ ಅವ್ವ."

ಅಣ್ಣ ಫೋನನ್ನು ಅವ್ವನ ಬಾಯಿಗೆ ಹಿಡಿದ. ಲಾರಿಗಳ ಅಬ್ಬರದಲ್ಲಿ ಅವಳ ಕ್ಷೀಣ ದನಿಯ ಒಂದಕ್ಷರವೂ ತಿಳಿಯಲಿಲ್ಲ. ದಾದಾ ಬಗ್ಗಿ ಸುಟ್ಟ ಫ್ಯೂಸ್ ಕಿತ್ತು ಹೊಸದು ಹಾಕಿದರು. ಆದರೆ ಅದು ವಾಲ್ವಿನ ರೇಡಿಯೋ, ಒಳಗಿನ ವಾಲ್ವು ಬಿಸಿಯಾಗದೆ ಮಾತಾಡುವುದಿಲ್ಲ. "ತಡಿಯವ್ವಾ!" ಎಂದು ನಾನು ಫೋನಿಗೆ ಕಿರುಚಿದೆ.

"ಮಾವಶಿ, ಇಲ್ಲಿ ಘರ್ ಇಲ್ಲ, ಹೊಸ್ತಿಲಿಲ್ಲ. ಎಲ್ಲಿ ಒದೀಲಿ?" ಮೇಘಾ ಅಳುತ್ತಿದ್ದಳು.

"ಈ ಗಾಡೀನೂ ಅವರ ಮನೀದ ಅಲ್ಲೇನ? ಇಳಿ ಕೆಳಗ!" ಅವಳ ಮಡಿಲಕ್ಕಿಯನ್ನೇ ಚೊಂಬಿಗೆ ಸುರಿದು ಕಾರಿನ ಬಾಗಿಲಲ್ಲಿಟ್ಟೆ.

ರೇಡಿಯೋ ಗುಂಯ್‌ಗುಟ್ಟಿತು. ಆಮೇಲೆ ಅವ್ವ ಕಾರಿನ ತುಂಬ ಹಾಡಿದಳು. ಉಸಿರು ಸಾಲದೆ ನಿಂತಳು, ಮತ್ತೆ ಎತ್ತಿದಳು. ಮೇಘಾ ಬಲಗಾಲಲ್ಲಿ ಒದ್ದಳು, ಅಕ್ಕಿ ದಾದಾನ ಪಾದದವರೆಗೆ ಹರಡಿತು. "ಆವ್ ಬೇಟಾ, ಆವ್," ಎಂದು ದಾದಾ ಅವಳನ್ನು ಒಳಗೆ ಕರೆದು ಕೈಮುಗಿದರು. ಅಷ್ಟರಲ್ಲಿ "ಸಾಕಜ್ಜಿ" ಎಂಬ ನರ್ಸಿನ ದನಿ. ಹಾಡು ನಡುವೆಯೇ ನಿಂತಿತು.

ಭರೂಚ್, ನರ್ಮದೆಯ ಸೇತುವೆ, ಅಂಕಲೇಶ್ವರ, ಯಾವುದೂ ನನಗೆ ನೆಟ್ಟಗೆ ನೆನಪಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೂರತ್ ಸೇರಿದೆವು. ಬೀಗಿತ್ತಿ ಆರತಿ ಹಿಡಿದು ನಿಂತಿದ್ದರು. ಅಜ್ಜಿಯ ಸುದ್ದಿ ಬರುವವರೆಗೆ ಮೇಘಾ ಇಳಿಯಲೊಲ್ಲಳು. ಎಷ್ಟೋ ಹೊತ್ತಿನ ಮೇಲೆ ನನ್ನ ಫೋನ್ ಬಡಿದುಕೊಂಡಿತು. ಅಣ್ಣನೇ.

"ಕಣ್ಣು ಬಿಟ್ಟಾಳ," ಎಂದ. "ಹಾಡು ಅರ್ಧಾ ಉಳದದ, ಹುಡಗೀನ್ನ ಇಳಸಬ್ಯಾಡ್ರಿ ಅನ್ಲಿಕ್ಕತ್ತಾಳ."