ಮೆಕ್ಯಾನಿಕ್‌ನ ಬೈಕಿಗೆ ಇಂಡಿಕೇಟರ್

ಬಿಳಿಚೋಡಿನ ಬಸ್‌ಸ್ಟ್ಯಾಂಡ್ ಹತ್ತಿರ, ಬೇವಿನ ಮರದಡಿ ಒಬ್ಬ ಬೈಕ್ ಮೆಕ್ಯಾನಿಕ್ ಇದ್ದ. ಇಂಡಿಕೇಟರ್ ಉರಿಯುತ್ತಿಲ್ಲವೆಂದು ಹೋದರೆ ಮೊದಲು ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ಆಮೇಲೆ ತುಕ್ಕು ಹಿಡಿದ ವೈರಿನ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ಸೇರಿಸಿ, ನಮ್ಮನ್ನೇ ಸೀಟಿನ ಮೇಲೆ ಕೂರಿಸಿ ಸ್ವಿಚ್ ಒತ್ತಿಸುತ್ತಿದ್ದ. ತಾನು ರಸ್ತೆಯಲ್ಲಿ ದೂರ ನಡೆದುಹೋಗಿ, ತಿರುಗಿ ನಿಂತು, "ಹಿಂದೆ ಬರೋರಿಗೆ ಕಾಣ್ಬೇಕು ರೀ" ಎನ್ನುತ್ತಿದ್ದ.

ಆದರೆ ಆತನ ಬೈಕಿಗೇ ಇಂಡಿಕೇಟರ್ ಇರಲಿಲ್ಲ. ಕೇಳಿದರೆ, "ಹಿಂದೆ ನಮ್ಮಾಕೆ ಕೂತಿರ್ತಾಳಲ್ಲ, ಸಾಕು ಬಿಡ್ರಿ" ಎಂದು ನಗುತ್ತಿದ್ದ. ನಿಜವೇ. ಇಬ್ಬರೂ ಸಂತೆಗೆ ಹೊರಟರೆ, ತಿರುವು ಬರುವ ಮೊದಲೇ ಹೆಂಡತಿಯ ಹಸಿರು ಬಳೆಯ ಕೈ ಹೊರಗೆ ಚಾಚಿಕೊಳ್ಳುತ್ತಿತ್ತು. ಲಾರಿಯವರೂ ನಿಧಾನಿಸುತ್ತಿದ್ದರು.

ಆಕೆ ಜ್ವರದಿಂದ ತೀರಿಕೊಂಡ ಮೇಲೆ ಆತನನ್ನು ಮಾತಾಡಿಸಿ ಬರಲು ಹೋದೆ. ತನ್ನ ಬೈಕಿಗೆ ಹೊಸ ಇಂಡಿಕೇಟರ್ ಕೂರಿಸುತ್ತಿದ್ದ. ವೈರು ಸೇರಿಸಿ ಮುಗಿಸುವವರೆಗೆ ಪಕ್ಕದಲ್ಲೇ ಕಾದೆ. ಆತ ಸೀಟಿನ ಮೇಲೆ ಕೂತು, "ಸ್ವಲ್ಪ ಹಿಂದೆ ಹೋಗಿ ನಿಂತ್ಕೊಳ್ರಿ" ಎಂದ. ಹೋಗಿ ನಿಂತೆ. ಹಳದಿ ದೀಪ ಮಿಣುಕತೊಡಗಿತು.

"ಕಾಣ್ತೈತೇನ್ರಿ?" ತಿರುಗದೆಯೇ ಕೇಳಿದ.

"ಕಾಣ್ತೈತೆ" ಎಂದೆ.

ಆತ ಸ್ವಿಚ್ ಆರಿಸಲಿಲ್ಲ. ಹೆಗಲ ಮೇಲಿನ ಬಟ್ಟೆ ತೆಗೆದು, ಕೈಯನ್ನು ಬೆನ್ನ ಹಿಂದೆ ಚಾಚಿ, ಹಿಂದಿನ ಸೀಟಿನ ಧೂಳು ಒರೆಸುತ್ತ ಕೂತ.