ನಿಂತಾಗ ಕೇಳಿಸಿದ ಸದ್ದು

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ದಿನ ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು. "ಇನ್ಮೇಲೆ ನಾನು ಯಾರ ಮೇಲೂ ಕೂಗಾಡಲ್ಲ. ನನ್ನ ಕಿವೀಲೂ ಯಾರೂ ಕೂಗೋದು ಬೇಡ."

ಜೀವಮಾನವೆಲ್ಲ ಇಂಜಿನ್ನಿನ ಗುಡುಗು, ಚಿಲ್ಲರೆ ಜಗಳ ಕೇಳಿ ಬೇಸತ್ತವನು. "ರೈಟ್, ರೈಟ್" ಎಂದು ಕೂಗಿ ಕೂಗಿ ಬೀದಿಯವರ ಬಾಯಲ್ಲಿ ರೈಟಣ್ಣನೇ ಆಗಿಬಿಟ್ಟಿದ್ದ. ಊರಂಚಿನ ಮನೆ, ಹಿಂಬಾಗಿಲಾಚೆ ಖಾಲಿ ಬಯಲು, ಅಲ್ಲೊಂದು ಕುರ್ಚಿ. ಅವನಿಗೆ ಬೇಕಿದ್ದದ್ದು ಅಷ್ಟೇ.

ಆ ಬಯಲಲ್ಲೇ ಡೇಟಾ ಸೆಂಟರ್ ಎದ್ದಿತು. ಕಿಟಕಿಯೇ ಇಲ್ಲದ ಬೂದು ಕಟ್ಟಡ, ಒಳಗೆ ಜನರ ಫೋಟೋ, ವಿಡಿಯೋ, ಲೆಕ್ಕಪತ್ರ ಕೂಡಿಡುವ ಸಾಲುಸಾಲು ಕಂಪ್ಯೂಟರ್, ಅವು ಬಿಸಿಯಾಗದಿರಲೆಂದು ಛಾವಣಿ ತುಂಬ ದೈತ್ಯ ಫ್ಯಾನುಗಳು. ಚಾಲೂ ಆದ ಗಳಿಗೆಯಿಂದ ಗುಂಯ್ ಎನ್ನುವ ಸದ್ದು ಅವನ ತಲೆಯೊಳಗೆ ಬಂದು ಕೂತಿತು.

ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. "ಯಾವ ಸದ್ದು? ನನಗೇನೂ ಕೇಳ್ತಿಲ್ಲಪ್ಪ."

"ಮೆಷಿನ್ ನಿಲ್ಸಿ ಕೇಳೇ."

ನಿಲ್ಲಿಸಿ ಕೇಳಿದಳು. "ಊಹೂಂ. ನಿಮಗೆ ಮಾಡೋಕೆ ಕೆಲಸ ಇಲ್ಲ, ಸದ್ದು ಹುಡುಕ್ಕೊಂಡು ಕೂತಿದೀರಿ."

ಎದುರುಮನೆಯ ವೆಲ್ಡರ್ ಅಂತೂ ನಕ್ಕೇಬಿಟ್ಟ. ಡಾಕ್ಟರು ಕಿವಿಯಲ್ಲಿ ಟಾರ್ಚ್ ಬಿಟ್ಟು, "ವಯಸ್ಸು" ಎಂದರು. ಕಂಪನಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿಟ್ಟ ಹೆಂಗಸಿನ ದನಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಮತ್ತೆ ಮತ್ತೆ ಹೇಳಿ ಕೊನೆಗೆ ತಾನೇ ಕಟ್ ಮಾಡಿತು. ಸದ್ದನ್ನು ವಿಡಿಯೋ ಮಾಡಿ ಮಗಳಿಗೆ ಕಳಿಸಿದ. ಅವಳು ಹೇಳಿದಳು: "ಅಪ್ಪಾ, ನೀನು ಕಳಿಸೋ ಈ ವಿಡಿಯೋ ಇರೋದೂ ಅಂಥದ್ದೇ ಕಟ್ಟಡದಲ್ಲಿ."

ಅರ್ಜಿ ಮೇಲೆ ಅರ್ಜಿ ಹಾಕಿದ ಮೇಲೆ ಮಾಲಿನ್ಯ ಇಲಾಖೆಯ ಇಂಜಿನಿಯರ್ ಸದ್ದು ಅಳೆಯುವ ಮೀಟರ್ ಹಿಡಿದು ಬಂದ. ರೈಟಣ್ಣ ಹಿಂಬಾಗಿಲು ತೆರೆದು ಕಾದ. ಆತ ಒಳಗೇ ಬರಲಿಲ್ಲ. ಲಾರಿ ಓಡಾಡುವ ಮುಖ್ಯರಸ್ತೆಯಲ್ಲಿ ಮೀಟರ್ ಹಿಡಿದು, "ರಸ್ತೆ ಸದ್ದಿಗಿಂತ ನಿಮ್ಮ ಫ್ಯಾನ್ ಸದ್ದು ಕಮ್ಮಿ ಸಾರ್" ಎಂದ.

"ಅದು ನನ್ನ ಫ್ಯಾನಲ್ಲ ಮಾರಾಯಾ!" ಕೂಗಾಡುವುದಿಲ್ಲ ಎಂದವನ ಕೂಗು ಬೀದಿ ಕೊನೆಯವರೆಗೂ ಕೇಳಿಸಿತು. ಪಕ್ಕದಲ್ಲೇ ಎರಡನೇ ಕಟ್ಟಡ ಬರುತ್ತದೆಂಬ ಸುದ್ದಿ ಬಂದಾಗ ಅವನಿಗೆ ಕೋಪಿಸಿಕೊಳ್ಳಲೂ ತ್ರಾಣ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಏನೋ ಕೆಟ್ಟು ಫ್ಯಾನುಗಳು ನಿಂತವು.

ಹೆಂಡತಿ ಬಟ್ಟೆಗೆ ಗುಂಡಿ ಹಾಕುತ್ತಿದ್ದಳು. ಸೂಜಿ ಹಿಡಿದ ಕೈ ಹಾಗೇ ನಿಂತಿತು. "ರೀ, ಏನದು? ಏನು ನಿಂತೋಯ್ತು?"

ಅವನು ಬೀದಿಬಾಗಿಲು ತೆರೆದ. ಮನೆಮನೆಯಿಂದ ಜನ ಹೊರಗೆ ಬಂದು ಸುಮ್ಮನೆ ನಿಂತಿದ್ದರು. ವೆಲ್ಡರ್ ಕತ್ತು ಉಜ್ಜಿಕೊಳ್ಳುತ್ತ, "ತಲೆ ಮೇಲಿಂದ ಮೂಟೆ ಇಳಿಸಿದ ಹಾಗಾಯ್ತಲ್ಲ!" ಎಂದ. ಎಲ್ಲೋ ಮಗುವೊಂದು ಆಕಳಿಸಿದ್ದೂ ಕೇಳಿಸಿತು. ಸಂಜೆಯ ಹೊತ್ತಿಗೆ ಗುಂಯ್ ಮತ್ತೆ ಶುರುವಾಯಿತು. ಈ ಸಲ ಎಲ್ಲರಿಗೂ ಕೇಳಿಸಿತು.

"ಇಷ್ಟು ದಿನ ಇದರಲ್ಲೇ ಇದ್ವಾ?" ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು. "ನಿಮಗೆ ಹುಚ್ಚು ಅಂದ್ಕೊಂಡಿದ್ದೆನಲ್ಲಾ."

ಬೀದಿಗೆ ಬೀದಿಯೇ ಎದ್ದಿತು. ಎರಡನೇ ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು ನಡೆದ ಸಾರ್ವಜನಿಕ ವಿಚಾರಣೆಗೆ ಸಭಾಂಗಣ ಭರ್ತಿ. ಕಂಪನಿಯವನು ಪರದೆ ಮೇಲೆ ಹಸಿರು ಮರಗಳ ಚಿತ್ರ ತೋರಿಸುತ್ತ ಹೊಸ ಕಟ್ಟಡವನ್ನು ಒಂದೇ ಸಮನೆ ಹೊಗಳಿದ. ರೈಟಣ್ಣನ ಹೆಂಡತಿ ಎದ್ದು ನಿಂತಳು. "ಚಿತ್ರ ಚೆನ್ನಾಗಿದೆ ಸ್ವಾಮಿ. ಒಂದು ವಾರ ನಮ್ಮನೇಲಿ ಮಲಗಿ. ಹಾಸಿಗೆ ನಾನೇ ಹಾಸಿಕೊಡ್ತೀನಿ." ಜನ ಬೆಂಚು ಬಡಿದರು. ಸಭೆಯ ಅಧ್ಯಕ್ಷರು ನೀರು ಕುಡಿದರು.

ಎರಡನೇ ಕಟ್ಟಡಕ್ಕೆ ಅನುಮತಿ ಸಿಗಲಿಲ್ಲ. ಮೊದಲನೆಯದು ಮಾತ್ರ ಅಲ್ಲೇ ಇದೆ. ಸದ್ದು ತಡೆಯಲು ಕಂಪನಿ ಗೋಡೆ ಕಟ್ಟಿಸಿತು. ಹಿಂಬಾಗಿಲಲ್ಲಿ ಸದ್ದು ಕಡಿಮೆಯಾಗಿ, ಗೋಡೆ ಸುತ್ತಿ ಬಂದು ಅಡುಗೆಮನೆಯಲ್ಲಿ ಹೆಚ್ಚಾಯಿತು. ರೈಟಣ್ಣ ತಲೆ ಚಚ್ಚಿಕೊಂಡ.

ಹೆಂಡತಿ ಪಾತ್ರೆ ಕುಕ್ಕಿ, "ನಡೀರಿ, ಇನ್ನೊಂದು ಅರ್ಜಿ ಬರೆಯೋಣ" ಎಂದಳು. ಅವನು ನಿಟ್ಟುಸಿರುಬಿಟ್ಟು ಕನ್ನಡಕ ಹುಡುಕತೊಡಗಿದ.