ಬೇಕೆಂದೇ ಬಿಗಿ ಹೊಲಿಯುವ ಸುಂದರಕ್ಕ

ಮಸ್ಕತ್ತಿನ ರೂವಿ ಬಸ್ ನಿಲ್ದಾಣದಲ್ಲಿ ಇನ್ನೂ ಬಿಸಿಲು ಬಿದ್ದಿಲ್ಲ. ಕುತ್ತಿಗೆಗೆ ಅಳತೆ ಟೇಪು, ಕಂಕುಳಲ್ಲಿ ಬಟ್ಟೆಯ ಗಂಟು. ಸುಂದರಿ ಮೊದಲ ಬಸ್ಸು ಹತ್ತುತ್ತಿದ್ದಾರೆ, ಅವರ ಬಗ್ಗೆ ಬರೆಯಲು ಬಂದ ನಾನೂ ಹಿಂದೆಯೇ. ಮೂಡಬಿದಿರೆ ಕಡೆಯ, ಐವತ್ತು ದಾಟಿದ ಈ ದರ್ಜಿ ಮಸ್ಕತ್ತಿನ ದೊಡ್ಡ ಮನೆಗಳ ಕೆಲಸದ ಹೆಂಗಸರಿಗೆ ಯೂನಿಫಾರಂ ಹೊಲಿಯುತ್ತಾರೆ. ಹೊಲಿಗೆ ಹೇಗೆ ಎಂದು ಯಜಮಾನಿಯರನ್ನು ಕೇಳಿ ನೋಡಿ: ಮೊದಲ ಸಲಕ್ಕೆ ಒಂದೂ ಸರಿಯಾಗಿ ಕೂರುವುದಿಲ್ಲವಂತೆ!

"ಕೂರುದು ಹೇಗೆ? ಬೇಕಂತಲೇ ಬಿಗಿ ಇಡುದು ನಾನು," ಎಂದು ಸುಂದರಿ ನಗುತ್ತಾರೆ. "ಸರಿ ಹೊಲಿದ್ರೆ ಮತ್ತೆ ಯಾರು ಕರೀತಾರೆ ಮಾರಾಯ್ರೆ?"

ಅಳತೆ ತೆಗೆಯುವಾಗ ಕೋಣೆಯ ಬಾಗಿಲು ಹಾಕುವುದು ಇಲ್ಲಿಯ ಮರ್ಯಾದೆ. ಗಂಡಸರು ಆ ಕಡೆ ಸುಳಿಯುವುದಿಲ್ಲ, ಯಜಮಾನಿಯೂ ಹೊರಗೇ ಕೂರುತ್ತಾಳೆ. ಫೋನು ಕಸಿದುಕೊಂಡು ಗೇಟು ದಾಟಲು ಬಿಡದ ಮನೆಗಳಲ್ಲಿ, ಕೆಲಸದವಳಿಗೆ ಹೊರಗಿನವರೊಬ್ಬರು ಒಂಟಿಯಾಗಿ ಸಿಗುವುದು ಆಗ ಮಾತ್ರ. ಭುಜಕ್ಕೆ ಟೇಪು ಹಿಡಿದು ಸುಂದರಿ ಮೆಲ್ಲಗೆ ಕೇಳುತ್ತಾರೆ: ಪಾಸ್‌ಪೋರ್ಟ್ ಯಾರ ಹತ್ತಿರ ಉಂಟು? ಊರಿಗೆ ಹೋಗಬೇಕಾ? ಒಂದೇ ಸಲಕ್ಕೆ ಯಾರು ತಾನೇ ಬಾಯಿ ಬಿಡುತ್ತಾರೆ! ಅದಕ್ಕೇ ಎರಡನೆಯ ಸಲ, ಮೂರನೆಯ ಸಲ ಹೋಗುವಂತಾಗಬೇಕು. ಯಜಮಾನಿಯರು ಬೈಯುತ್ತಲೇ ಕರೆಯುತ್ತಾರೆ. ಮನೆಗೇ ಬರುವ ಹೆಂಗಸು ದರ್ಜಿ ಬೇರೆ ಸಿಗಬೇಕಲ್ಲ.

ಸುಂದರಿ ಕೆಲಸ ಮಾಡುವ ಹೊಲಿಗೆ ಅಂಗಡಿಯ ಒಡತಿ ಜುವೈನಾ, ವಯಸ್ಸಾದ ಒಮಾನಿ ಹೆಂಗಸು. ಈ ದೇಶದಲ್ಲಿ ಗುಲಾಮಗಿರಿ ರದ್ದಾದದ್ದು ೧೯೭೦ರಲ್ಲಿ. ಅಲ್ಲಿಯವರೆಗೆ ಅವರ ತಾಯಿ ಒಂದು ಮನೆತನದ ಸೊತ್ತು. "ಇನ್ನು ನೀನು ಸ್ವತಂತ್ರಳು ಅಂದರು. ಅಮ್ಮ ಹೊಸ್ತಿಲವರೆಗೆ ಬಂದಳು. ಹೊರಗೆ ಯಾರೂ ಇರಲಿಲ್ಲ. ತಿರುಗಿ ಒಳಗೇ ಹೋದಳು," ಎಂದು ಜುವೈನಾ ತಮ್ಮ ಹರಕುಮುರುಕು ಹಿಂದಿಯಲ್ಲಿ ಹೇಳುತ್ತಾರೆ.

ಇಂದಿನ ಪಯಣ ಅಪ್ಪಿಗಾಗಿ. ಕುಂದಾಪುರ ಕಡೆಯ ಅಪ್ಪಿಯ ಕರಾರು ಮುಗಿದು ಎಷ್ಟೋ ಕಾಲವಾಗಿತ್ತು. ಆದರೂ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಪಾಸ್‌ಪೋರ್ಟ್ ಬಿಟ್ಟುಕೊಟ್ಟಿರಲಿಲ್ಲ. ಹಿಂಬಾಗಿಲಿನಿಂದ ಓಡಿಹೋಗುತ್ತೇನೆಂದು ಅಪ್ಪಿ ಹಟ ಹಿಡಿದಿದ್ದಳು. ಓಡಿದರೆ ಪರಾರಿ ಕೇಸು ಬಿದ್ದು ಊರಿನ ದಾರಿಯೇ ಮುಚ್ಚಿಹೋದೀತು. "ಓಡುದು ಕಳ್ಳರು. ನೀನು ಎಂತ ಕದ್ದದ್ದು?" ಎಂದು ಸುಂದರಿ ಗದರಿದ್ದರು. ಹಾಗೆಂದು ತಾವಾಗಿ ದೂರನ್ನೂ ಕೊಡಲಿಲ್ಲ. ದೂರು ಕೊಡಿ ಎಂಬ ಮಾತು ಅವಳ ಬಾಯಿಂದಲೇ ಬರಲಿ ಎಂದು ಕಾದರು. ಮೂರನೆಯ ಅಳತೆಗೆ ಅಪ್ಪಿ ಹೇಳಿದಳು: "ಊರಿಗ್ ಹೋತೆ ಅಕ್ಕ, ದೂರ್ ಕೊಡಿ." ಸುಂದರಿಯಿಂದ ಸುದ್ದಿ ಭಾರತದ ರಾಯಭಾರ ಕಚೇರಿ ಮುಟ್ಟಿತು, ಅವರು ಕಫೀಲನನ್ನು ಕರೆಸಿ ಮಾತಾಡಿದರು.

ಗೇಟು ತೆರೆಯುತ್ತದೆ. ಯಜಮಾನಿ ಪಾಸ್‌ಪೋರ್ಟನ್ನು ಅಪ್ಪಿಯ ಕೈಗಿಟ್ಟು, "ಖಲಾಸ್," ಎಂದು ಮುಖ ತಿರುಗಿಸುತ್ತಾಳೆ. ಅಪ್ಪಿ ಅಲ್ಲೇ ನಿಂತುಬಿಡುತ್ತಾಳೆ. ಸುಂದರಿ ಒಳಗೆ ಹೋಗಿ ಕೈಹಿಡಿದು ಎಳೆಯುವುದಿಲ್ಲ. ರಸ್ತೆಯಲ್ಲೇ ನಿಂತು, "ಯಲ್ಲಾ, ನಡಿ, ಬಾ ಮಗಾ," ಎನ್ನುತ್ತಾರೆ. ಅಪ್ಪಿ ಬರುತ್ತಾಳೆ.

ಟ್ಯಾಕ್ಸಿಯಲ್ಲಿ ಆಕೆ ಪಾಸ್‌ಪೋರ್ಟ್ ತೆರೆದು ತನ್ನದೇ ಫೋಟೋ ನೋಡುತ್ತಿದ್ದಾಳೆ. ಸುಂದರಿಯೂ ಒಂದು ಕಾಲದಲ್ಲಿ ಇಬ್ರಿ ಎಂಬ ಊರಿನ ಒಂದು ಮನೆಯಲ್ಲಿ ಬೀಗದೊಳಗೆ ದುಡಿದವರೇ. ನೀವು ಹೇಗೆ ಹೊರಬಂದಿರಿ ಎಂದು ಕೇಳುತ್ತೇನೆ.

"ನಾನಾ? ಗೋಡೆ ಹಾರಿ, ಕಾಲು ಮುರ್ಕೊಂಡು ಬಂದವಳು ಮಾರಾಯ್ರೆ," ಎನ್ನುತ್ತಾರೆ ಸುಂದರಿ. "ಇವಳನ್ನು ನೋಡಿ. ಚಪ್ಪಲಿ ಹಾಕ್ಕೊಂಡು ಬಂದಳು."